ಕಿಟಕಿ ಪಕ್ಕದ ಕುರ್ಚಿ

ಫೆಬ್ರವರಿ 9, ರಾತ್ರಿ

ಅಕ್ಕಾ,

ಈಗ ಗಂಟೆ ಎರಡೂ ಮುಕ್ಕಾಲು. ಮೇಲಿನ ಮನೆಯವರ ನೀರಿನ ಪೈಪು ಗೋಡೆಯೊಳಗೆ ಗೊರಕೆ ಹೊಡೆದು ನನ್ನನ್ನು ಎಬ್ಬಿಸಿತು. ಮಗು ಏಳಲಿಲ್ಲ, ಇವರೂ ಏಳಲಿಲ್ಲ. ಮಗು ಎದ್ದಾಗ ನಾನು ಏಳುವುದು ಸರಿ. ಅವನು ಮಲಗಿರುವಾಗಲೂ ನಾನೇ ಏಳುವುದು ಯಾವ ನ್ಯಾಯ ಹೇಳು.

ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಿನಗೆ ಮತ್ತೆ ಹೇಳುತ್ತೇನೆ, ಫೋನ್ ಮಾತ್ರ ಮಾಡಬೇಡ, ಬರೆ. ಎರಡೇ ಕೋಣೆಯ ಮನೆ. ಫೋನ್ ರಿಂಗಾದರೆ ತೊಟ್ಟಿಲಿನ ಸಾಹೇಬರು ಎದ್ದು ಬೀದಿಗೆಲ್ಲ ಕೇಳುವ ಹಾಗೆ ದರಬಾರು ನಡೆಸುತ್ತಾರೆ. ನಾನು ಪಿಸುಗುಟ್ಟಿದರೂ ಸಾಕು, ಕಣ್ಣು ಬಿಡುತ್ತಾನೆ. ಅದಕ್ಕೆ ರಾತ್ರಿ ಫೋನನ್ನು ಆಫ್ ಮಾಡಿ ಬೀರುವಿನೊಳಗೆ ಇಡುತ್ತೇನೆ, ಕಳ್ಳಮಾಲಿನ ಹಾಗೆ.

ಹೋದ ವಾರ ಇವರ ಆಫೀಸಿನ ಕೆಲಸದ ನೆಪದಲ್ಲಿ ನಿನ್ನೂರಿಗೆ ಬಂದು ನಿನ್ನ ಲ್ಯಾಬು ನೋಡಿದ್ದು ಒಳ್ಳೆಯದಾಯಿತು. ಇಷ್ಟು ವರ್ಷ "ಅಕ್ಕ ರಕ್ತದ ಮೇಲೆ ಏನೋ ಮಾಡ್ತಾಳೆ" ಅಂತ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಗತ್ತಿನಿಂದ ಹೇಳುತ್ತೇನೆ: ಪಾರ್ಶ್ವವಾಯು ಬಡಿದವರ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ಅಳೆದು, ಆರೋಗ್ಯವಂತರ ರಕ್ತದ ಜೊತೆ ಹೋಲಿಸಿ ನೋಡುತ್ತಾಳೆ, ಆ ಆರೋಗ್ಯವಂತರಲ್ಲಿ ನಾನೂ ಒಬ್ಬಳು. ಆದರೆ ನಿನ್ನ ಮೇಲೆ ಒಂದು ದೂರಿದೆ. ನಾನು ಅಷ್ಟು ದೂರದಿಂದ ಬಂದರೆ ನೀನು ದಿನವಿಡೀ ಫೋನನ್ನು ಕಿವಿಗೆ ಒತ್ತಿಕೊಂಡೇ ಇದ್ದೆ. ರಕ್ತ ಕೊಡುವಾಗಲೂ ಬಿಡಲಿಲ್ಲ, ಒಂದು ತೋಳಲ್ಲಿ ಸೂಜಿ, ಇನ್ನೊಂದು ಕೈಯಲ್ಲಿ ನಿಮ್ಮ ಲ್ಯಾಬಿನ ಮೇಷ್ಟ್ರ ಜೊತೆ ಜಗಳ.

ಇರಲಿ. ನನ್ನ ರಕ್ತ ಪಾಸೋ ಫೇಲೋ, ಅಷ್ಟು ಬರೆ. ಕಾಲೇಜಿನ ನಂತರ ನಾನು ಬರೆದ ಪರೀಕ್ಷೆ ಅದೊಂದೇ.

ನಿನ್ನ
ಪುಟ್ಟಿ


ಫೆಬ್ರವರಿ 17

ಪುಟ್ಟೀ,

ಉತ್ತರ ತಡವಾಯಿತು. ಕೆಲಸ ಜಾಸ್ತಿ.

ಆ ದಿನದ ಬಗ್ಗೆ ಬೈದಿದ್ದೀಯ, ಬೈಸಿಕೊಳ್ಳುತ್ತೇನೆ. ಅವತ್ತು ರಕ್ತ ಕೊಡಬೇಕಿದ್ದ ಬ್ಯಾಂಕ್ ಉದ್ಯೋಗಿಯೊಬ್ಬರು ಕೊನೇ ಗಳಿಗೆಯಲ್ಲಿ ಕೈಕೊಟ್ಟರು. ಅವರ ಜಾಗದಲ್ಲಿ ನಾನೇ ಮೊದಲ ಸಲ ತೋಳು ಚಾಚಿ ನಿನ್ನ ಪಕ್ಕ ಕೂರಬೇಕಾಯಿತು. ಅದೂ ಮೇಷ್ಟ್ರಿಗೆ ಒಪ್ಪಿಗೆಯಿರಲಿಲ್ಲ, ಜಗಳ ಅದಕ್ಕೇ.

ಟ್ಯೂಬಿನ ಮೇಲೆ ಹೆಸರು ಯಾಕಿಲ್ಲ ಅಂತ ಕೇಳಿದ್ದೆಯಲ್ಲ. ನಮ್ಮಲ್ಲಿ ರಕ್ತಕ್ಕೆ ಹೆಸರಿಲ್ಲ, ಕುರ್ಚಿಗೆ ನಂಬರಿದೆ. ಯಾರು ಯಾವ ಕುರ್ಚಿಯಲ್ಲಿ ಕೂರುತ್ತಾರೆಂದು ರಕ್ತ ತೆಗೆಯುವ ನಮ್ಮ ಸೂಜಿಯಮ್ಮ ಮೊದಲೇ ಬರೆದಿಟ್ಟು, ಆಮೇಲೆ ಟ್ಯೂಬಿಗೆ ಕುರ್ಚಿಯ ನಂಬರು ಅಂಟಿಸುತ್ತಾಳೆ. ನಿನ್ನದು ಕಿಟಕಿ ಪಕ್ಕದ ಕುರ್ಚಿ, ನನ್ನದು ಗೋಡೆ ಪಕ್ಕದ್ದು. ಅಳೆಯುವವರಿಗೆ ಅದು ಯಾರ ರಕ್ತವೆಂದು ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ.

ನಿನ್ನ ಎಡತೋಳಿನ ನೀಲಿ ಗುರುತು ಹೋಯಿತಾ? ಕಿಟಕಿ ಕುರ್ಚಿಗೆ ಕೈ ಇಡುವ ಹಲಗೆ ಎಡಗಡೆಗಿದೆ. ಸೂಜಿಯಮ್ಮನದು ಒರಟು ಕೈ, ಎಲ್ಲರಿಗೂ ನೀಲಿಗಟ್ಟಿಸುತ್ತಾಳೆ.

ಮತ್ತೆ, ನೀರು ಚೆನ್ನಾಗಿ ಕುಡಿ. ಹಾಲೂಡಿಸುತ್ತಾ ಗಂಟೆಗಟ್ಟಲೆ ಕಾಲು ಮಡಚಿ ಕೂರಬೇಡ, ಆಗಾಗ ಎದ್ದು ನಡೆ. ಕಾಲಲ್ಲಿ ಊತ ಗೀತ ಇದೆಯಾ? ನಿನ್ನ ಡಾಕ್ಟರಮ್ಮ ಇನ್ನೊಂದು ಮಗು ಬೇಗ ಆಗದಿರಲಿ ಅಂತ ಮಾತ್ರೆ ಬರೆದುಕೊಟ್ಟಿದ್ದಾರೆ ಎಂದಿದ್ದೆಯಲ್ಲ, ಅದನ್ನು ಸದ್ಯಕ್ಕೆ ಶುರು ಮಾಡಬೇಡ. ಯಾಕೆ ಅಂತ ಕೇಳಬೇಡ.

ಸಾಹೇಬರಿಗೆ ದೊಡ್ಡಮ್ಮನ ಸಲಾಮು.

ಅಕ್ಕ


ಫೆಬ್ರವರಿ 19

ಅಕ್ಕಾ,

ನಿನ್ನ ಪತ್ರವನ್ನು ನಾಲ್ಕೈದು ಸಲ ಓದಿದೆ. ಕೊನೆಗೆ ಒಂದೇ ಅರ್ಥ ಹೊಳೆಯಿತು: ನಮ್ಮತ್ತೆ ನಿನಗೆ ಫೋನ್ ಮಾಡಿದ್ದಾರೆ.

ನೀರು ಕುಡಿ, ನಡೆ. ಅಂದರೆ ನಾನು ದಪ್ಪಗಾಗಿದ್ದೇನೆ. ಅತ್ತೆಯೂ ಇದನ್ನೇ ಹೇಳುತ್ತಾರೆ, ಆದರೆ ಮುಖದ ಮುಂದೆ ಹೇಳುತ್ತಾರೆ. ಮಾತ್ರೆ ಬೇಡ. ಅಂದರೆ ಇನ್ನೊಂದು ಬೇಗ ಆಗಲಿ. ಅದೂ ಅವರ ಮಾತೇ, "ಒಂದರ ಹಿಂದೆ ಒಂದು ಬೆಳ್ಕೊಂಡ್ಬಿಡ್ತವೆ ಕಣೇ" ಅಂತ. ನಾನು ರಾತ್ರಿ ಕಣ್ಣು ಮುಚ್ಚಿ ಆರು ತಿಂಗಳಾಗುತ್ತಾ ಬಂತು. ಗಾಯದ ಮೇಲೆ ಬರೆ ಎಳೆಯಲು ನೀನೂ ಸೇರಿಕೊಂಡೆಯಾ? ಯಾಕೆ ಅಂತ ಕೇಳಬೇಡವಂತೆ. ನನಗೆ ಹೊಟ್ಟೆಯ ಹೊಲಿಗೆ ಬಿಚ್ಚಿದ್ದಾರೆ, ಬಾಯಿಗೆ ಹೊಲಿಗೆ ಹಾಕಿಲ್ಲ.

ನನ್ನ ಕಾಲು ಚೆನ್ನಾಗಿದೆ. ನೀಲಿ ಗುರುತೂ ಹೋಯಿತು. ಅದು ಇದ್ದದ್ದು ಎಡತೋಳಲ್ಲಲ್ಲ, ಬಲತೋಳಲ್ಲಿ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದವಳು ನೀನೇ ತಾನೆ, ಇನ್ನೂ ಸರಿಹೋಗಿಲ್ಲ ಅನ್ನು.

ಪಾಸೋ ಫೇಲೋ ಅಂದಿದ್ದೆ. ಅದಕ್ಕೂ ಉತ್ತರವಿಲ್ಲ.

ಪುಟ್ಟಿ


ಮಾರ್ಚ್ 6, ನಸುಕಿನಲ್ಲಿ

ಅಕ್ಕಾ,

ಸಿಟ್ಟಿನಲ್ಲಿ ಬರೆದದ್ದನ್ನು ಮನಸ್ಸಿಗೆ ಹಚ್ಚಿಕೊಂಡೆಯಾ? ಎರಡು ವಾರ ಒಂದಕ್ಷರವಿಲ್ಲ.

ಅತ್ತೆಯನ್ನು ನೇರವಾಗಿ ಕೇಳಿಬಿಟ್ಟೆ. "ನಾನ್ಯಾಕೆ ನಿಮ್ಮಕ್ಕನಿಗೆ ಫೋನ್ ಮಾಡ್ಲಿ? ಅವಳು ಎತ್ತಿದ ಕೂಡ್ಲೇ 'ಆಮೇಲೆ ಮಾಡ್ತೀನಿ' ಅಂತ ಇಟ್ಬಿಡ್ತಾಳೆ," ಅಂದರು. ಅದು ನಿಜ. ಹಾಗಾದರೆ ಆ ಮಾತುಗಳೆಲ್ಲ ನಿನ್ನವೇ. ನೀನು ಸುಮ್ಮನೆ ನೀರು ಕುಡಿ ಅನ್ನುವವಳಲ್ಲ. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದರೂ "ಥರ್ಮಾಮೀಟರ್ ಏನನ್ನುತ್ತೆ" ಅಂತ ಕೇಳುತ್ತಿದ್ದವಳು, ಹಣೆ ಮುಟ್ಟುತ್ತಿದ್ದವಳಲ್ಲ.

ಹಗಲಲ್ಲಿ ಇದನ್ನೆಲ್ಲ ಯೋಚಿಸಲು ಪುರುಸೊತ್ತಿಲ್ಲ. ರಾತ್ರಿ ಯೋಚಿಸಿದರೆ ಎಲ್ಲವೂ ನಿಜ ಅನ್ನಿಸುತ್ತದೆ. ಒಮ್ಮೆ, ನಿನಗೇ ಏನೋ ಆಗಿದೆ, ಹೇಳುತ್ತಿಲ್ಲ ಅನ್ನಿಸುತ್ತದೆ. ಇನ್ನೊಮ್ಮೆ, ನನಗೆ ಏನೋ ಇದೆ, ಅದು ನಿನಗೆ ಗೊತ್ತಿದೆ ಅನ್ನಿಸುತ್ತದೆ. ಎದ್ದು ಹೋಗಿ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ, ಇವರ ಮೂಗಿನ ಹತ್ತಿರವೂ ಇಡುತ್ತೇನೆ. ನಿನ್ನೆ ಇವರು ಎಚ್ಚರವಾಗಿ, "ನನ್ನನ್ನ ಏನ್ ಮಾಡ್ಬೇಕಂತಿದೀಯ?" ಅಂದರು.

ಹೀಗೆ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಬೇಡ. ದೀಪವನ್ನು ಈ ಕಡೆಗೇ ಇಡು. ಏನು ಕಂಡರೂ ಪರವಾಗಿಲ್ಲ.

ಪುಟ್ಟಿ


ಮಾರ್ಚ್ 8

ಪುಟ್ಟೀ,

ಹೇಳುತ್ತೇನೆ. ಹೇಳಬಾರದು ಎಂಬ ನಿಯಮವಿತ್ತು. ನಮ್ಮದು ಸಂಶೋಧನೆಯ ಪರೀಕ್ಷೆ, ರೋಗ ಪತ್ತೆಯದ್ದಲ್ಲ. ಅದರಲ್ಲಿ ಕಂಡದ್ದನ್ನು ರಕ್ತ ಕೊಟ್ಟವರಿಗೆ ತಿಳಿಸಬೇಕೇ ಬೇಡವೇ ಎಂದು ಒಂದು ಸಮಿತಿ ತೀರ್ಮಾನಿಸಬೇಕು. ನಿನ್ನೆ ಒಪ್ಪಿಗೆ ಸಿಕ್ಕಿತು. ಎರಡು ವಾರ ಸುಮ್ಮನಿದ್ದದ್ದು ಅದಕ್ಕೆ, ನಿನ್ನ ಬೈಗುಳಕ್ಕಲ್ಲ.

ಅವತ್ತು ಕಿಟಕಿ ಪಕ್ಕದ ಕುರ್ಚಿಯಿಂದ ಬಂದ ರಕ್ತ ಹೆಪ್ಪುಗಟ್ಟಲು ಆತುರಪಡುತ್ತಿದೆ. ಎಲ್ಲರ ರಕ್ತವೂ ಗಾಯವಾದಾಗ ಹೆಪ್ಪುಗಟ್ಟಬೇಕು, ಇಲ್ಲದಿದ್ದರೆ ಬದುಕುವುದು ಹೇಗೆ. ಆದರೆ ಶುರುವಾದದ್ದು ಎಲ್ಲೋ ಒಂದು ಕಡೆ ನಿಲ್ಲಬೇಕು. ಈ ರಕ್ತಕ್ಕೆ ಶುರು ಮಾಡುವುದು ಗೊತ್ತು, ನಿಲ್ಲಿಸುವುದು ನಿಧಾನ. ಫ್ರೀಜರಿನಲ್ಲಿದ್ದ ಉಳಿದ ಭಾಗವನ್ನು ತೆಗೆದು ಮತ್ತೆ ಮತ್ತೆ ನೋಡಿದೆ. ಅದೇ ಉತ್ತರ.

ಇದು ಕಾಯಿಲೆಯಲ್ಲ, ಗುಣ. ಇಂಥ ಗುಣವಿದ್ದೂ ಏನೂ ಆಗದೆ ಮುದುಕರಾದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅದರ ಮೇಲೆ ಇನ್ನೊಂದು ಸೇರಬಾರದು: ಬಹಳ ಹೊತ್ತು ಕೂತೇ ಇರುವ ಪ್ರಯಾಣ, ಹಾಸಿಗೆ ಹಿಡಿಯುವುದು, ಹಾರ್ಮೋನಿನ ಮಾತ್ರೆ. ಆಗ ಕಾಲಿನ ಒಳಗೆ ಹೆಪ್ಪು ಕಟ್ಟಿ, ಅಲ್ಲಿಂದ ಕಳಚಿ ಶ್ವಾಸಕೋಶಕ್ಕೆ ಹೋಗಬಹುದು.

ಅಮ್ಮನಿಗೆ ಆದದ್ದು ಅದೇ ಎಂದು ನನಗೆ ಅನುಮಾನ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದವಳು ಅದನ್ನು ಬಿಚ್ಚಿದ ದಿನವೇ ಬಚ್ಚಲುಮನೆಯ ಬಾಗಿಲಲ್ಲಿ ಕುಸಿದಳು. ಎಲ್ಲರೂ ಹೃದಯ ಅಂದರು. ನಾನು ಈ ಕೆಲಸಕ್ಕೆ ಬಂದದ್ದೇ ಆ ಬಾಗಿಲಿನಿಂದ. ಅಮ್ಮನ ರಕ್ತ ನಮ್ಮಿಬ್ಬರಲ್ಲಿ ಯಾರಿಗೆ ಬಂದಿದೆ ಎಂದು ಎಷ್ಟೋ ಸಲ ಯೋಚಿಸಿದ್ದೆ, ತಿಳಿಯಲು ಧೈರ್ಯವಿರಲಿಲ್ಲ. ನಿನಗೆ ಬರಬಾರದಿತ್ತು.

ನನ್ನ ನಂಬರು ಶುದ್ಧವಾಗಿದೆ. ಅದನ್ನು ನೋಡಿ ಸಮಾಧಾನವಾಗುವ ಬದಲು ನಾಚಿಕೆಯಾಯಿತು. ಒಂದೇ ಲಾಭ: ಎರಡು ವರ್ಷದಿಂದ ತಿಂಗಳ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗಿ ಒದ್ದಾಡುತ್ತಿದ್ದೆ, ಡಾಕ್ಟರು ಹಾರ್ಮೋನಿನ ಮಾತ್ರೆ ಬರೆದರೂ ಅಮ್ಮನ ನೆನಪಿನಿಂದ ಮುಟ್ಟಿರಲಿಲ್ಲ. ಈಗ ಧೈರ್ಯವಾಗಿ ಶುರು ಮಾಡಿದ್ದೇನೆ.

ನೀನು ನಾಳೆಯೇ ರಕ್ತದ ಡಾಕ್ಟರರನ್ನು ನೋಡು. ಅವರಿಗೊಂದು ಪತ್ರ ಇದರ ಜೊತೆ ಕಳಿಸಿದ್ದೇನೆ. ಅಳಬೇಡ. ಅತ್ತರೂ ನೀರು ಕುಡಿದು ಅಳು.

ಅಕ್ಕ


ಮಾರ್ಚ್ 20

ಅಕ್ಕಾ,

ಇವತ್ತು ಮಧ್ಯಾಹ್ನ ಬರೆಯುತ್ತಿದ್ದೇನೆ. ಸಾಹೇಬರನ್ನು ಅತ್ತೆ ಮಡಿಲಲ್ಲಿ ಹಾಕಿಕೊಂಡಿದ್ದಾರೆ.

ನಿನ್ನ ಪತ್ರ ಬಂದ ಮೇಲಿನ ದಿನಗಳನ್ನು ಹೇಗೆ ಕಳೆದೆನೋ. ಕೂತರೆ ಭಯ, ಮಲಗಿದರೆ ಭಯ. ಹಾಲೂಡಿಸುತ್ತಲೇ ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ನಡೆದೆ.

"ಏನೇ ಇದು, ರೈಲಿಗೆ ತಡವಾದೋರ ಹಾಗೆ ಮನೆಯೊಳಗೇ ಓಡಾಡ್ತೀಯ?" ಅಂದರು ಅತ್ತೆ.

"ಕಾಲಿಗೆ ಒಳ್ಳೇದಂತೆ ಅತ್ತೆ."

"ಯಾರಂದ್ರು?"

"ಅಕ್ಕ."

"ಅವಳು ಹೇಳಿದ್ರೆ ಸರಿಯಿರುತ್ತೆ ಬಿಡು. ನಡಿ, ನಾನೂ ಬರ್ತೀನಿ. ತಿರುಗೋವಾಗ ಮಾತ್ರ ನಿಧಾನ, ನನ್ನ ಮಂಡಿಗೆ ನಿನ್ನ ವಯಸ್ಸಲ್ಲ."

ಅವರ ಮೇಲೆ ಏನೇನೋ ಹೊರಿಸಿದ್ದೆನಲ್ಲ. ಕಾರಣ ಕೇಳದೆ ನನ್ನ ಜೊತೆ ಸುತ್ತು ಹಾಕಿದರು.

ಈಗ ಕೇಳು. ರಕ್ತದ ಡಾಕ್ಟರರು ನಿನ್ನ ಪತ್ರ ಓದಿ, ವಂಶದಲ್ಲಿ ಬರುವಂಥದ್ದೂ ಸೇರಿ ಇರುವ ಪರೀಕ್ಷೆಗಳನ್ನೆಲ್ಲ ಮಾಡಿಸಿದರು. ಇವತ್ತು ಫಲಿತಾಂಶ ಬಂತು. ಏನೂ ಇಲ್ಲ. ಒಂದರಲ್ಲೂ ಏನೂ ಇಲ್ಲ.

"ನಿಮ್ಮ ರಕ್ತದಷ್ಟು ಸಾಧು ರಕ್ತ ನೋಡಿ ಬಹಳ ದಿನ ಆಯ್ತಮ್ಮ. ನಿಮಗೆ ನಿದ್ದೆ ಒಂದಿಲ್ಲ, ಅಷ್ಟೇ," ಅಂದರು.

"ಅದಕ್ಕೆ ಮಾತ್ರೆ ಕೊಡ್ತೀರಾ?"

"ಅದಕ್ಕೆ ಮಾತ್ರೆ ಅಲ್ಲ, ಮಗು ಎತ್ಕೊಳ್ಳೋರು ಬೇಕು."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ, ಖುಷಿಪಡಬೇಕೋ ಬೇಡವೋ ಗೊತ್ತಾಗಲಿಲ್ಲ. ನೀನು ತಪ್ಪುವವಳಲ್ಲ, ಅವರೂ ತಪ್ಪಿದ ಹಾಗೆ ಕಾಣಲಿಲ್ಲ. ಒಂದೇ ರಕ್ತ ನಿನ್ನ ಹತ್ತಿರ ಒಂದು ಹೇಳಿ ಇಲ್ಲಿ ಇನ್ನೊಂದು ಹೇಳುತ್ತದೆಯೇ? ಎರಡರಲ್ಲಿ ಯಾವುದನ್ನು ನಂಬಲಿ? ನಾನೀಗ ಕೂರಲೋ ನಡೆಯಲೋ?

ಪುಟ್ಟಿ


ಮಾರ್ಚ್ 27, ಸಂಜೆ

ಪುಟ್ಟೀ,

ನನ್ನ ತಲೆಯೂ ಕೆಟ್ಟಿದೆ. ಮೇಷ್ಟ್ರು ಯಂತ್ರ ಕೆಟ್ಟಿದೆ ಅಂದರು, ಯಂತ್ರ ಸರಿಯಿದೆ. ಸೂಜಿಯಮ್ಮ ಅವಮಾನವಾದವಳ ಹಾಗೆ ಮುಖ ಊದಿಸಿಕೊಂಡು ತನ್ನ ಪುಸ್ತಕ ತಂದು ತೋರಿಸಿದಳು: ಕಿಟಕಿ ಕುರ್ಚಿಗೆ ತಂಗಿ, ಗೋಡೆ ಕುರ್ಚಿಗೆ ಅಕ್ಕ. ಎಲ್ಲವೂ ಸರಿಯಾಗಿದೆ, ಉತ್ತರ ಮಾತ್ರ ಸರಿಯಿಲ್ಲ.

ಉಳಿದದ್ದು ಒಂದೇ ದಾರಿ. ನಾನೇ ಬಂದು ನಿನ್ನ ರಕ್ತ ಮತ್ತೆ ತೆಗೆದು, ಐಸಿನ ಪೆಟ್ಟಿಗೆಯಲ್ಲಿ ತರುತ್ತೇನೆ. ನಾಳೆ ಬೆಳಗಿನ ಮೊದಲ ಬಸ್ಸು ಹಿಡಿಯುತ್ತೇನೆ, ಹತ್ತು ಗಂಟೆಯ ದಾರಿ, ಸಂಜೆಗೆ ನಿಮ್ಮ ಮನೆ. ಪೆಟ್ಟಿಗೆ ಬಿಟ್ಟು ಕೆಳಗಿಳಿಯುವ ಹಾಗಿಲ್ಲ, ಕೂತಲ್ಲೇ ಕೂರಬೇಕು. ಹೋದ ಭಾನುವಾರ ಒಂದು ಸಭೆಗೆ ಇಷ್ಟೇ ದೂರ ಹೋಗಿ ಬಂದೆ, ಅಭ್ಯಾಸವಾಗಿದೆ. ಅಲ್ಲಿಂದ ಬಂದಾಗಿನಿಂದ ಎಡಗಾಲಿನ ಮೀನಖಂಡ ಕಲ್ಲಾಗಿದೆ, ಹೊಸ ಶೂ ಕಚ್ಚಿರಬೇಕು. ಆ ಕಾಲಿಗೆ ಶೂ ಹತ್ತುವುದೂ ಇಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ನಲವತ್ತು ದಾಟಿತಲ್ಲ, ಎಲ್ಲ ಬಿಡಿಭಾಗವೂ ಒಟ್ಟಿಗೇ ಸವೆಯುತ್ತವೆ. ನಗಬೇಡ, ಇನ್ನೊಬ್ಬರಲ್ಲಿ ಇದನ್ನೇ ಕಂಡಿದ್ದರೆ ಆಸ್ಪತ್ರೆಗೆ ಅಟ್ಟುತ್ತಿದ್ದೆ. ನನ್ನ ನಂಬರು ನೋಡಿಕೊಂಡದ್ದಕ್ಕೆ ಆರಾಮಾಗಿದ್ದೇನೆ.

ಇವತ್ತು ರಾತ್ರಿಯಿಡೀ ಲ್ಯಾಬಿನಲ್ಲಿ ಕತ್ತಲೆಕೋಣೆಯ ಕೆಲಸ. ಹೊರಗೆ ಕೆಂಪು ದೀಪ ಹಾಕಿ ಒಳಗೆ ಕೂತರೆ ಯಾರೂ ಬಾಗಿಲು ತಟ್ಟುವಂತಿಲ್ಲ, ಫೋನು ಹೊರಗಿನ ಲಾಕರಿನಲ್ಲಿ. ಯಂತ್ರಕ್ಕೆ ಏನಾದರೂ ಆದರೆ ಅದೇ ಮೇಲ್ ಕಳಿಸುತ್ತದೆ, ಆದ್ದರಿಂದ ಒಳಗಿನ ಕಂಪ್ಯೂಟರಿನಲ್ಲಿ ಮೇಲ್ ನೋಡುತ್ತಿರುತ್ತೇನೆ. ಅಲ್ಲಿಂದ ನೇರ ಬಸ್ ನಿಲ್ದಾಣಕ್ಕೆ.

ಸಾಹೇಬರಿಗೆ ಹೇಳು, ಈ ಸಲ ದೊಡ್ಡಮ್ಮನ ಕಿವಿಯಲ್ಲಿ ಫೋನಿರುವುದಿಲ್ಲ.

ಅಕ್ಕ


ಮಾರ್ಚ್ 28, ಬೆಳಗಿನ ಜಾವ

ಅಕ್ಕಾ,

ಗಂಟೆ ಮೂರೂಕಾಲು. ಕುರ್ಚಿ ಎಳೆದ ಸದ್ದಿಗೆ ಎಚ್ಚರವಾಯಿತು. ಪಕ್ಕದ ಕೋಣೆಯಲ್ಲಿ ಅತ್ತೆ, ಸೆಖೆಯೆಂದು ಕುರ್ಚಿಯನ್ನು ಕಿಟಕಿ ಹತ್ತಿರ ಎಳೆದುಕೊಂಡರು. ಅಷ್ಟೇ ಸದ್ದು. ಮಲಗಿದ್ದಲ್ಲೇ ಎಲ್ಲ ನೆನಪಾಯಿತು.

ನಾವು ಕುರ್ಚಿ ಬದಲಾಯಿಸಿದ್ದೆವು.

ನೆನಪು ಮಾಡಿಕೊ. ನಿನಗೆ ನೆನಪಿರಲಾರದು, ಫೋನಿನಲ್ಲಿ ಮೇಷ್ಟ್ರಿದ್ದರು. ಮೊದಲು ಕಿಟಕಿ ಪಕ್ಕ ಕೂತವಳು ನಾನೇ. ಸೂಜಿಯಮ್ಮ ಬರೆದುಕೊಂಡು ಟ್ಯೂಬು ತರಲು ಒಳಗೆ ಹೋದಳು. ಬಿಸಿಲು ಮಗುವಿನ ಕಣ್ಣಿಗೆ ಬಡಿಯಿತು, ಅವನು ಪರದೆಯ ಹಗ್ಗ ಹಿಡಿದು ಜಗ್ಗಿ ಅಳಲು ಶುರು ಮಾಡಿದ. ನಾನು ಎದ್ದು ಬಂದು ನಿನ್ನ ಭುಜ ಹಿಡಿದು ಎಬ್ಬಿಸಿದೆ. ನೀನು "ಇಲ್ಲ ಸಾರ್, ನಾನು ಹಾಗೆ ಹೇಳ್ಲೇ ಇಲ್ಲ ಸಾರ್" ಅನ್ನುತ್ತಾ ಎದ್ದು, ನಡೆದು, ಕಿಟಕಿ ಪಕ್ಕ ಕೂತೆ. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿ ಇದೇ ಸದ್ದು ಬಂತು. ನಾನು ಗೋಡೆ ಪಕ್ಕ ಕೂತು ಮಗುವನ್ನು ಎಡಗಡೆ ಒರಗಿಸಿಕೊಂಡು ಬಲತೋಳು ಚಾಚಿದೆ. ಸೂಜಿಯಮ್ಮ ಬಂದು, ಮುಖ ನೋಡದೆ, ಕುರ್ಚಿಯ ನಂಬರನ್ನೇ ಟ್ಯೂಬಿಗೆ ಅಂಟಿಸಿದಳು.

ಬಲತೋಳು, ಅಕ್ಕಾ. ಅಲ್ಲಿ ಹಲಗೆ ಬಲಗಡೆಗಿತ್ತು. ನೀಲಿಗಟ್ಟಿದ್ದು ಅಲ್ಲೇ. ನೀನು ಎಡತೋಳು ಅಂದಾಗ ನಾನು ಚಪ್ಪಲಿಯ ಕಥೆ ಹೇಳಿ ನಕ್ಕೆ.

ನಿದ್ದೆಗೆಟ್ಟ ತಲೆಯ ಆಟವಿರಬಹುದೇ ಎಂದು ಎದ್ದು ಕೂತು ನಿನ್ನ ಪತ್ರಗಳನ್ನೆಲ್ಲ ಮತ್ತೆ ಓದಿದೆ. ಈಗ ಎಲ್ಲವೂ ಬೇರೆಯಾಗಿ ಕಾಣುತ್ತಿದೆ. ನನ್ನ ರಕ್ತ ಇಲ್ಲಿ ಸಾಧು ಯಾಕೆಂದರೆ ಅದು ಮೊದಲಿನಿಂದಲೂ ಸಾಧುವೇ. ನೀನು ಫ್ರೀಜರಿನಿಂದ ತೆಗೆದು ಮತ್ತೆ ಮತ್ತೆ ನೋಡಿದ್ದು ನಿನ್ನದನ್ನು. ಅಮ್ಮನದು ನಿನಗೆ ಬಂದಿದೆ. ನನ್ನ ನಂಬರನ್ನು ನಿನ್ನದೆಂದು ನಂಬಿ ಮಾತ್ರೆ ತೆಗೆದುಕೊಂಡೆ, ಅದರ ಮೇಲೆ ಅಷ್ಟು ದೂರ ಕೂತು ಹೋಗಿ ಬಂದೆ. ಅದು ಶೂ ಕಚ್ಚಿದ್ದಲ್ಲ. ವಯಸ್ಸೂ ಅಲ್ಲ. ಊರಿಗೆಲ್ಲ ಬೆಳಕು ಹಿಡಿಯುವವಳು, ನಿನ್ನ ದೀಪದ ಬುಡದಲ್ಲೇ ಕತ್ತಲೆ.

ಇವರನ್ನು ಎಬ್ಬಿಸಿ ಹೇಳಿದೆ. "ಕನಸು ಕಂಡಿದೀಯ, ಬೆಳಗಾಗ್ಲಿ, ನೋಡೋಣ," ಅಂದರು. ಬೆಳಗಾದರೆ ನೀನು ಬಸ್ಸಿನಲ್ಲಿರುತ್ತೀಯ, ಪೆಟ್ಟಿಗೆ ತಬ್ಬಿಕೊಂಡು, ಕಾಲು ಮಡಚಿಕೊಂಡು.

ನಿನ್ನ ಫೋನ್ ರಿಂಗಾಗುತ್ತಲೇ ಇದೆ. ಲ್ಯಾಬಿನ ಕಾವಲುಗಾರರ ನಂಬರಿಗೆ ಮಾಡಿದೆ.

"ಮೇಡಮ್ಮು ಒಳಗಿದಾರೆ, ಕೆಂಪು ದೀಪ ಉರೀತಿದೆ. ಈಗ ತಟ್ಟೋ ಹಾಗಿಲ್ಲಮ್ಮ."

"ಪ್ರಾಣದ ಪ್ರಶ್ನೆ ಕಣಪ್ಪ. ತಟ್ಟು."

"ಹೋದ್ಸಲಾನೂ ಯಾರೋ ಹಿಂಗೇ ಅಂದ್ರು, ತಟ್ದೆ. ಮೇಡಮ್ಮು ನನ್ನ ನೀರಿಳಿಸಿಬಿಟ್ರು. ದೀಪ ಆರ್ಲಿ, ಹೇಳ್ತೀನಿ."

ನಾಲ್ಕಕ್ಕೆ ಅವನ ಪಾಳಿ ಮುಗಿಯುತ್ತದಂತೆ. ಬರುವವನಿಗೆ ಹೇಳುತ್ತಾನೋ ಇಲ್ಲವೋ. ಉಳಿದಿರುವುದು ಈ ಮೇಲ್ ಒಂದೇ.

ಅಕ್ಕಾ, ಇದನ್ನು ಓದುತ್ತಿದ್ದಂತೆ ಎದ್ದು ಹೊರಗೆ ಬಾ. ಯಂತ್ರ ಹಾಳಾಗಲಿ. ಬಸ್ಸು ಹತ್ತಬೇಡ, ಮೆಟ್ಟಿಲು ಇಳಿಯಬೇಡ, ಕಾವಲುಗಾರರನ್ನು ಕರೆದು ಅಲ್ಲಿಂದಲೇ ಆಸ್ಪತ್ರೆಗೆ ಹೋಗು. ಇನ್ನೊಬ್ಬರಾಗಿದ್ದರೆ ಅಟ್ಟುತ್ತಿದ್ದೆ ಅಂದೆಯಲ್ಲ, ಆ ಇನ್ನೊಬ್ಬಳು ನೀನೇ ಅಂದುಕೊ. ನನ್ನ ಮಾತು ಹುಚ್ಚು ಅನ್ನಿಸಿದರೆ ನಿನ್ನ ಎಡತೋಳು ನೆನಪು ಮಾಡಿಕೊ. ಫೆಬ್ರವರಿಯಲ್ಲಿ ಅಲ್ಲಿ ನೀಲಿಗಟ್ಟಿರಲಿಲ್ಲವೇ? ತಪ್ಪು ನನ್ನದೇ ಆದರೆ ಆಮೇಲೆ ಜೀವಮಾನವಿಡೀ ನಗುವಿಯಂತೆ, ಬಂದವರ ಮುಂದೆಲ್ಲ ಹೇಳಿ ನಗು.

ಆಸ್ಪತ್ರೆ ಸೇರಿದ ಕೂಡಲೇ ನನಗೆ ಫೋನ್ ಮಾಡು. ಅದಕ್ಕೂ ಮೊದಲೇ, ಲಾಕರಿನಿಂದ ಫೋನ್ ತೆಗೆದ ಕೂಡಲೇ ಮಾಡು. ಬರೆಯಬೇಡ. ನನ್ನ ಫೋನನ್ನು ಬೀರುವಿನಿಂದ ತೆಗೆದು, ಸದ್ದು ಪೂರ್ತಿ ಏರಿಸಿ, ತೊಟ್ಟಿಲಿನ ಪಕ್ಕದಲ್ಲೇ ಇಟ್ಟುಕೊಂಡು ಕೂತಿದ್ದೇನೆ. ಮಗು ಎದ್ದರೆ ಏಳಲಿ. ಬೀದಿಯೇ ಎದ್ದರೆ ಏಳಲಿ. ಬೆಳಕು ಹರಿಯುವ ಮೊದಲು ಒಂದು ಸಲ ಫೋನ್ ಮಾಡು, ಅಕ್ಕಾ.